ಮೊದಲು ಕಲಿ, ಆಮೇಲೆ ಕೊಡು: ಅಂಕೋಲೆಯ ವಿದ್ಯಾರ್ಥಿ ನೆರವು ಮತ್ತು ಗುಡ್ಡದ ಸೈಕಲ್ಲು

ದಿನಕರ ದೇಸಾಯಿಯವರ ಹೆಸರೆತ್ತಿದರೆ ಕನ್ನಡ ಓದುಗರಿಗೆ ಚುಟುಕ ನೆನಪಾಗುತ್ತದೆ. ಅಂಕೋಲೆಯ ಹಳಬರಿಗೆ ಅದರ ಜೊತೆಗೆ ಶಾಲೆಯ ಫೀಯೂ ನೆನಪಾಗುತ್ತದೆ. ನಾಲ್ಕು ಸಾಲಿನಲ್ಲಿ ಸರಕಾರವನ್ನೂ ಸಮಾಜವನ್ನೂ ಕುಟುಕುತ್ತಿದ್ದ ಕವಿಯೇ ಗೇಣಿ ರೈತನ ಮಗ ಹೈಸ್ಕೂಲಿನ ಫೀ ಕಟ್ಟುವುದು ಹೇಗೆಂದು ಕೂತು ಲೆಕ್ಕ ಹಾಕಿದವರು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ‘ಮೊದಲು ಕಲಿ, ಆಮೇಲೆ ಕೊಡು’ ಯೋಜನೆ ಆ ಲೆಕ್ಕದ ಫಲ. ಫೀ ಕಟ್ಟಲಾಗದ ವಿದ್ಯಾರ್ಥಿ ಈಗ ಓದಲಿ, ನೌಕರಿ ಸಿಕ್ಕಿ ಕೈಗೆ ನಾಲ್ಕು ಕಾಸು ಬಂದ ಮೇಲೆ ತೀರಿಸಲಿ. ಯೋಜನೆಯ ತಿರುಳು ಇಷ್ಟೇ.

ಆ ಲೆಕ್ಕ ಇಂದು ಸೈಕಲ್ಲಿಗೂ ಬೇಕಾಗಿದೆ. ಗುಡ್ಡಗಾಡಿನಲ್ಲಿ ಸೈಕಲ್ ಓಡಿಸುವ ಮಕ್ಕಳಿಗೆಂದೇ ವಿದ್ಯಾರ್ಥಿವೇತನ ಎಂದರೆ ನಮ್ಮ ಕಡೆ ಇನ್ನೂ ಹುಬ್ಬೇರಿಸುವವರಿದ್ದಾರೆ. ಅಮೆರಿಕದಲ್ಲಿ ಅದು ಹೈಸ್ಕೂಲು ಮಟ್ಟದಲ್ಲೇ ಬೇರೂರಿದೆ. ಕರ್ನಾಟಕದಲ್ಲಿ ಸೈಕ್ಲಿಂಗಿಗೆ ಸರಕಾರದ ಹಾಸ್ಟೆಲ್ಲುಗಳಿವೆ, ಕೇಂದ್ರದ ಖೇಲೋ ಇಂಡಿಯಾ ನೆರವಿದೆ. ಕಾರವಾರ, ಅಂಕೋಲೆಗಳಲ್ಲಿ ಅಂಥದೊಂದು ನಿಧಿ ಕಟ್ಟಬೇಕೆಂದು ಯೋಚಿಸುವವರು ದೂರದ ಮಾದರಿಗಳನ್ನು ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ತಮ್ಮ ಊರಿನದೇ ಎರಡು ಕಥೆಗಳನ್ನು ಓದಿಕೊಳ್ಳಬೇಕು. ಒಂದು ದೇಸಾಯಿಯವರ ಟ್ರಸ್ಟಿನದು. ಇನ್ನೊಂದು ಇದೇ ಜಿಲ್ಲೆಯ ಸಿದ್ದಿ ಮಕ್ಕಳನ್ನು ಕ್ರೀಡೆಗೆಂದು ಕರೆದೊಯ್ದು ಅರ್ಧದಲ್ಲೇ ಕೈಬಿಟ್ಟ ಯೋಜನೆಯದು.

ಮೊದಲನೆಯದು ನೆಲದಿಂದ ಶುರುವಾಗುತ್ತದೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಬಂದರು, ಕಚೇರಿ, ಕೋರ್ಟು ಬಂದವು. ಕಚೇರಿಯಲ್ಲಿ ಕೂರಬಲ್ಲವರ ಮಕ್ಕಳಿಗೆ ಶಾಲೆಯೂ ಬಂತು. ಗದ್ದೆಯ ಬದುವಿನಾಚೆ ಇದ್ದವರ ಪಾಡು ಬೇರೆ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಎಂಬ ಎರಡು ಪದಗಳಲ್ಲಿ ಅವರ ಬದುಕಿನ ಬಹುಪಾಲು ಅಡಗಿತ್ತು. ಬೆಳೆದದ್ದರಲ್ಲಿ ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು ಒಡೆಯನ ಅಂಗಳಕ್ಕೆ ಹೋಗುತ್ತಿತ್ತು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಕೋಮಾರಪಂತರು, ಆಗೇರರು, ಮೀನುಗಾರರು, ಯಾರ ಮನೆಯಲ್ಲೂ ಫೀ ಎಂಬ ಬಾಬತ್ತಿಗೆ ಬೇರೆ ಎತ್ತಿಡುವ ಹಣ ಇರಲಿಲ್ಲ.

ಇಂಥ ತಾಲ್ಲೂಕೇ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿಯಿತು. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಹೊಲ ಮನೆ ಜಪ್ತಿಗೆ ಬಿಟ್ಟರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹೀಗೆ. ಆ ಬಿರುದನ್ನು ನಾವು ಭಾಷಣಗಳಲ್ಲಿ ಸವೆಸಿದ್ದೇವೆ. ಅದರ ಹಿಂದಿನ ಒಂದು ಸಂಗತಿ ಮಾತ್ರ ಹೆಚ್ಚು ಚರ್ಚೆಗೆ ಬರುವುದಿಲ್ಲ. ಹೋರಾಟ ಮುಗಿದ ಮೇಲೂ ಗೇಣಿ ಗೇಣಿಯಾಗಿಯೇ ಉಳಿಯಿತು. ದಿನಕರ ದೇಸಾಯಿ ರೈತರ ಸಂಘಟನೆಗೆ ಕೈ ಹಾಕಿದ್ದು ಆ ಉಳಿಕೆಯ ಮೇಲೆ.

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲೆಯ ಸೀಮೆಯಲ್ಲಿ, ಶಾಲಾ ಮಾಸ್ತರರ ಮಗನಾಗಿ. ಮೈಸೂರಿನಲ್ಲಿ ಬಿ.ಎ., ಮುಂಬಯಿಯಲ್ಲಿ ಎಂ.ಎ. ಮತ್ತು ಕಾನೂನು ಓದಿದರು. ವಕೀಲಿ ಮಾಡಿದ್ದರೆ ಚೆನ್ನಾಗಿಯೇ ಬದುಕಬಹುದಿತ್ತು. ಅದನ್ನು ಬಿಟ್ಟು ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿದರು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಪುಣೆಯಲ್ಲಿ ಕಟ್ಟಿದ ಆ ಸಂಸ್ಥೆಯ ಸದಸ್ಯರು ತಮಗಾಗಿ ಗಳಿಸುವುದಿಲ್ಲ ಎಂದು ಮಾತು ಕೊಟ್ಟು, ಸಂಸ್ಥೆ ಕೊಡುವ ಸಣ್ಣ ಭತ್ಯೆಯಲ್ಲಿ ಬದುಕಬೇಕಿತ್ತು. ದೇಸಾಯಿ ಮುಂಬಯಿಯ ಹಡಗು ಕಾರ್ಮಿಕರ ನಡುವೆ ದುಡಿದರು. 1940ರಲ್ಲಿ ಭಾರತದ ನಾವಿಕ ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದಕ್ಕೂ ಮೊದಲು, 1938ರಲ್ಲಿ, ಭಾರತದ ಪ್ರಾಥಮಿಕ ಶಿಕ್ಷಣದ ಬಗ್ಗೆ ಒಂದು ಪುಸ್ತಕ ತಂದಿದ್ದರು. ಚುಟುಕ ಬ್ರಹ್ಮ ಎಂದು ಸನ್ಮಾನಿಸುವ ನಾವು ಈ ಎರಡು ಪುಸ್ತಕಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಟ್ರಸ್ಟಿನ ಬೇರು ಇರುವುದು ಅಲ್ಲಿ. ಒಂದರಲ್ಲಿ ದುಡಿಯುವವನ ಸಂಬಳದ ಲೆಕ್ಕವಿದೆ, ಇನ್ನೊಂದರಲ್ಲಿ ಅವನ ಮಗುವಿನ ಶಾಲೆಯ ಲೆಕ್ಕವಿದೆ.

ಗೋಖಲೆಯವರ ಪ್ರಭಾವ ಸಂಸ್ಥೆಯ ನಿಯಮಗಳಿಗಷ್ಟೇ ಸೀಮಿತವಾಗಿರಲಿಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಗೋಖಲೆ 1911ರಲ್ಲಿ ಮಸೂದೆ ಮಂಡಿಸಿದ್ದರು. ಮರುವರ್ಷ ಅದು ಬಿದ್ದುಹೋಯಿತು. ಸ್ವತಃ ಗೋಖಲೆ ಓದಿದ ಬಗೆಯೂ ಇಲ್ಲಿ ಹೇಳಬೇಕಾದದ್ದೇ. ತಂದೆ ತೀರಿಕೊಂಡ ಮೇಲೆ ಅಣ್ಣ ಗೋವಿಂದರಾಯರು ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿ ಹಿಡಿದರು, ಅದರಲ್ಲಿ 8 ರೂಪಾಯಿ ತಮ್ಮನ ಓದಿಗೆ ಕಳಿಸಿದರು. ಅರ್ಧಕ್ಕೂ ಹೆಚ್ಚು ಸಂಬಳ! ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ತಿಂಗಳಿಗೆ 20 ರೂಪಾಯಿಯ ವಿದ್ಯಾರ್ಥಿವೇತನ ಸಿಕ್ಕ ಮೇಲೆ ಅಣ್ಣನ ಭಾರ ಇಳಿಯಿತು. ಒಬ್ಬರು ಇಂದು ಓದು ಬಿಟ್ಟದ್ದರಿಂದ ಇನ್ನೊಬ್ಬರು ನಾಳೆ ಓದಿದರು. ಬಡಮನೆಗಳಲ್ಲಿ ಇದು ಸಾಮಾನ್ಯ. ಉತ್ತರ ಕನ್ನಡದಲ್ಲಿ ಆ ಅಣ್ಣನ ಜಾಗದಲ್ಲಿ ಬಹಳ ಸಲ ಅಕ್ಕ ಇರುತ್ತಿದ್ದಳು.

ರೈತರ ಸಂಘಟನೆಗೆ ಇಳಿದ ದೇಸಾಯಿಯವರನ್ನು ಬ್ರಿಟಿಷ್ ಆಡಳಿತ 1940ರಲ್ಲಿ ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷ ತಮ್ಮ ಊರಿಗೆ ಕಾಲಿಡದೆ ಮುಂಬಯಿಯಲ್ಲೇ ಉಳಿದರು. ಸ್ವಾತಂತ್ರ್ಯ ಬಂತು, 1948ರಲ್ಲಿ ಮುಂಬಯಿ ಗೇಣಿ ಕಾಯ್ದೆ ಬಂತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉಳುವವನ ಹೆಸರಿಗೆ ನೆಲ ನಿಜವಾಗಿ ಬರಲು ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಟ್ರಸ್ಟ್ 1953ರದು, ಗೋಖಲೆ ಸೆಂಟೆನರಿ ಕಾಲೇಜು 1966ರದು, ಭೂಸುಧಾರಣೆ 1974ರದು. ಅಂಕೋಲೆಯ ಗೇಣಿ ರೈತರ ಮನೆಗಳಿಗೆ ಪಹಣಿ ಪತ್ರಕ್ಕಿಂತ ಮೊದಲು ಪಾಟಿಚೀಲ ಬಂತು. ಡಿಕ್ಲರೇಶನ್ ಫಾರಂ ತುಂಬಿಸಲು, ಭೂನ್ಯಾಯಮಂಡಳಿಯ ನೋಟಿಸು ಓದಿ ಹೇಳಲು ಮನೆಯಲ್ಲೇ ಒಬ್ಬ ಮ್ಯಾಟ್ರಿಕ್ ಹುಡುಗ ಇದ್ದ ಮನೆಗೂ ಇಲ್ಲದ ಮನೆಗೂ ಏನು ವ್ಯತ್ಯಾಸವಾಯಿತೆಂದು ಯಾರಾದರೂ ಸಂಶೋಧನೆ ಮಾಡಬೇಕು. ನನ್ನ ಅಂದಾಜಿನಲ್ಲಿ ದೊಡ್ಡ ವ್ಯತ್ಯಾಸ.

ಟ್ರಸ್ಟಿನ ಶಾಲೆಗಳು ಅಂಕೋಲೆಗೆ ನಿಲ್ಲಲಿಲ್ಲ. ಪೀಪಲ್ಸ್ ಮಲ್ಟಿಪರ್ಪಸ್ ಹೈಸ್ಕೂಲು, ಅಂದರೆ ಊರವರ ಬಾಯಲ್ಲಿ ಪಿ.ಎಂ. ಹೈಸ್ಕೂಲು, ಅಂಕೋಲೆಯದು. ಜನತಾ ವಿದ್ಯಾಲಯ ಎಂಬ ಹೆಸರು ಜಿಲ್ಲೆಯ ಹಲವು ಊರುಗಳ ಹೈಸ್ಕೂಲಿನ ಬೋರ್ಡಿನಲ್ಲಿ ಕಾಣಿಸಿಕೊಂಡಿತು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜು ಇದೇ ಟ್ರಸ್ಟಿನದು. ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷ ಅಂಕೋಲೆಯಲ್ಲಿ ಶುರುವಾದ ಕಾಲೇಜಿಗೆ ಗೋಖಲೆಯವರ ಹೆಸರಿಟ್ಟರು. ಕಟ್ಟಿದವರ ಹೆಸರನ್ನೋ ಹಣ ಕೊಟ್ಟವರ ಹೆಸರನ್ನೋ ಇಡುವ ರೂಢಿಯ ನಡುವೆ ಇದು ಗಮನಿಸಬೇಕಾದ್ದು. ಅದಕ್ಕೂ ಮೊದಲು ಡಿಗ್ರಿ ಓದಬೇಕೆಂದರೆ ಹತ್ತಿರದ್ದೆಂದರೆ 1949ರಲ್ಲಿ ಶುರುವಾದ ಕುಮಟೆಯ ಕೆನರಾ ಕಾಲೇಜು. ಡಾ. ಎ.ವಿ. ಬಾಳಿಗರು ಕಟ್ಟಿಸಿದ್ದು. ಅಂಕೋಲೆಯ ಹುಡುಗ ಗಂಗಾವಳಿ ದಾಟಿ ಹೋಗಬೇಕು, ಅಲ್ಲಿ ಯಾರ ಮನೆಯಲ್ಲಾದರೂ ವಾರಾನ್ನ ಹಿಡಿಯಬೇಕು. ಹುಡುಗಿಯ ಮಾತೇ ಇಲ್ಲ. ಊರಲ್ಲೇ ಕಾಲೇಜಾದರೆ ಹಾಸ್ಟೆಲ್ಲು ಬೇಡ, ಗದ್ದೆಕೆಲಸವೂ ಬಿಡಬೇಕಿಲ್ಲ. ಕಾಲೇಜನ್ನು ವಿದ್ಯಾರ್ಥಿಯ ಹತ್ತಿರಕ್ಕೆ ತಂದದ್ದೇ ಮೊದಲ ವಿದ್ಯಾರ್ಥಿವೇತನ ಎಂದು ನಾನು ತಿಳಿದಿದ್ದೇನೆ. ಫೀಯ ಪ್ರಶ್ನೆ ಆಮೇಲಿನದು.

ಈ ಕೆಲಸಗಳ ನಡುವೆಯೇ ದೇಸಾಯಿ 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು, ‘ಜನಸೇವಕ’ ವಾರಪತ್ರಿಕೆ ನಡೆಸಿದರು, ಚುಟುಕ ಬರೆಯುತ್ತಲೇ ಇದ್ದರು. 1982ರ ನವೆಂಬರ್ 6ರಂದು ತೀರಿಕೊಂಡರು. ಇವೆಲ್ಲ ಬೇಕಾದಷ್ಟು ಕಡೆ ಅಚ್ಚಾಗಿವೆ, ಇಲ್ಲಿ ಬೆಳೆಸುವುದಿಲ್ಲ.

ಯೋಜನೆಗೆ ಮರಳೋಣ. ಆ ಕಾಲದಲ್ಲಿ ಬಡ ವಿದ್ಯಾರ್ಥಿಗೆ ಎರಡು ದಾರಿಗಳಿದ್ದವು. ಒಂದು ಸರಕಾರಿ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ನೆರವು 1944ರಿಂದಲೇ ಇತ್ತು. ಆದರೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳಿಂದ ಕಡತದಲ್ಲೇ ಇದೆ. ಇನ್ನೊಂದು ದಾರಿ ಧರ್ಮಾತ್ಮರ ಔದಾರ್ಯ. ಊರ ಶ್ರೀಮಂತರ ಮನೆಯ ಜಗುಲಿಯಲ್ಲಿ ನಿಂತು ಕೇಳಬೇಕು, ಕೊಟ್ಟರೆ ಬದುಕಿನುದ್ದಕ್ಕೂ ತಲೆ ತಗ್ಗಿಸಬೇಕು. ಗೇಣಿ ರೈತನ ಮಗ ಯಾರ ಜಗುಲಿಗೆ ಹೋಗಬೇಕು? ಅಪ್ಪ ಗೇಣಿ ಅಳೆದುಕೊಡುವ ಒಡೆಯನ ಜಗುಲಿಗೇ. ರೈತ ಚಳವಳಿಯಿಂದ ಬಂದ ದೇಸಾಯಿಯವರಿಗೆ ಈ ಜಗುಲಿ ಯಾವುದೆಂದು ಚೆನ್ನಾಗಿ ಗೊತ್ತಿತ್ತು.

ಅವರ ಯೋಜನೆ ಈ ಎರಡನ್ನೂ ಬದಿಗಿಟ್ಟಿತು. ಫೀ ಮಾಫಿ ಆಗಲಿಲ್ಲ, ವಸೂಲಿಗೂ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ಹಾಗಾಗಿ ವಿದ್ಯಾರ್ಥಿ ಯಾರ ಋಣಕ್ಕೂ ಬೀಳಲಿಲ್ಲ. ಬಿದ್ದದ್ದು ತನ್ನದೇ ಮುಂದಿನ ಸಂಬಳದ ಋಣಕ್ಕೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ‘ನಿನಗೆ ಮುಂದೆ ಸಂಬಳ ಬರುತ್ತದೆ’ ಎಂದು ಒಂದು ಸಂಸ್ಥೆ ಹೇಳುವುದು ಆ ಕಾಲದ ಅಂಕೋಲೆಯಲ್ಲಿ ಸಣ್ಣ ಮಾತಲ್ಲ. ಅವನ ಮನೆಯಲ್ಲಿ ಅಷ್ಟರವರೆಗೆ ಸಂಬಳ ಎಂಬುದನ್ನು ಎಣಿಸಿದವರೇ ಇರಲಿಲ್ಲ. ಬ್ಯಾಂಕಿನ ದೃಷ್ಟಿಯಲ್ಲಿ ಇದು ಕೆಟ್ಟ ಸಾಲ: ಜಾಮೀನಿಲ್ಲ, ಅಡವಿಲ್ಲ, ಸಾಲಗಾರನಿಗೆ ಮೀಸೆ ಮೂಡಿಲ್ಲ. ಇಂದಿನ ಶಿಕ್ಷಣ ಸಾಲಗಳು ಇದೇ ತತ್ವದವೆಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಕಂತು ಬಡ್ಡಿಯ ಗಡಿಯಾರವಿದೆ, ತಪ್ಪಿದರೆ ಅಪ್ಪನ ಹೆಸರಿಗೆ ನೋಟಿಸು ಬರುತ್ತದೆ. ದೇಸಾಯಿಯವರದು ನಂಬಿಕೆಯ ಲೆಕ್ಕ. ಎಷ್ಟು ಬೇಗ ಎಂಬುದಕ್ಕಿಂತ ಯಾವಾಗಾದರೂ ಎಂಬುದಕ್ಕೆ ಅಲ್ಲಿ ತೂಕ.

ಇನ್ನು ಎರಡನೆಯ ಕಥೆ. ಇದಕ್ಕೆ ಕ್ರೀಡೆಯ ನಂಟು ನೇರವಾಗಿಯೇ ಇದೆ. 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆ ತಂದಿತು. ಬುಡಕಟ್ಟು ಪ್ರದೇಶ, ಕರಾವಳಿ, ಗುಡ್ಡಗಾಡುಗಳಲ್ಲಿ ಹುಟ್ಟಿನಿಂದಲೇ ದೇಹಬಲ ಇರುವ ಮಕ್ಕಳನ್ನು ಹುಡುಕಿ ತರಬೇತಿ ಕೊಡುವುದು ಉದ್ದೇಶ. ರಾಜಸ್ಥಾನದಲ್ಲಿ ಇದೇ ಜಾಲಕ್ಕೆ ಸಿಕ್ಕ ಹುಡುಗ ಲಿಂಬಾ ರಾಮ್, ಮುಂದೆ ಒಲಿಂಪಿಕ್ ಬಿಲ್ಲುಗಾರ. ಆಗ ಕೇಂದ್ರದ ಕ್ರೀಡಾ ಮಂತ್ರಿ ಮಾರ್ಗರೇಟ್ ಆಳ್ವ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಅಂಕೋಲೆಗಳ ಘಟ್ಟದ ಕಾಡಿನಲ್ಲಿ ಹರಡಿಕೊಂಡಿರುವ ಸಿದ್ದಿಗಳ ಮಕ್ಕಳೂ ಈ ಯೋಜನೆಗೆ ಆಯ್ಕೆಯಾದರು. ಆಫ್ರಿಕಾ ಮೂಲದವರು, ಆದ್ದರಿಂದ ಓಟದಲ್ಲಿ ಮುಂದಿರುತ್ತಾರೆ ಎಂಬುದು ದಿಲ್ಲಿಯ ತರ್ಕ. ಕಾಡಿನಿಂದ ನೇರ ಹಾಸ್ಟೆಲ್ಲಿಗೆ ಬಂದ ಮಕ್ಕಳಿಗೆ ಸ್ಪೈಕ್ ಶೂ, ಹಾಲು, ಮೊಟ್ಟೆ, ಇಂಗ್ಲಿಷಿನಲ್ಲಿ ಕೂಗುವ ಕೋಚ್ ಎಲ್ಲವೂ ಒಟ್ಟಿಗೇ ಎದುರಾದವು. ಅವರಲ್ಲಿ ಒಳ್ಳೆಯ ಓಟಗಾರರು ಬಂದದ್ದು ಸುಳ್ಳಲ್ಲ. ಹರ್ಡಲ್ಸ್ ಓಟದ ಕಮಲಾ ಸಿದ್ದಿ ದೇಶದ ಮಟ್ಟಕ್ಕೆ ಏರಿದರು. ಕೆಲವರು ಕ್ರೀಡಾ ಮೀಸಲಿನಲ್ಲಿ ನೌಕರಿ ಹಿಡಿದರು.

1993ರಲ್ಲಿ ಸಿದ್ದಿ ಮಕ್ಕಳ ಮಟ್ಟಿಗೆ ಯೋಜನೆ ನಿಂತಿತು. ಐದಾರು ವರ್ಷಗಳಲ್ಲಿ ಪದಕದ ಬೆಳೆ ಕೊಯ್ಯುತ್ತೇವೆಂದು ಬಂದವರಿಗೆ ಬೆಳೆ ಕಾಣಲಿಲ್ಲ, ಮುಚ್ಚಿದರು. ನಡುವೆ ಸಿಕ್ಕ ಮಕ್ಕಳು ಊರಿಗೆ ಮರಳಿದರು. ಶಾಲೆಯ ಕೊಂಡಿ ಕಡಿದಿತ್ತು, ಟ್ರ್ಯಾಕ್ ಮುಗಿದಿತ್ತು. ಆ ಹೊತ್ತಿಗೆ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲೂ ಇರಲಿಲ್ಲ, ಅದಾದದ್ದು 2003ರಲ್ಲಿ. ಹೀಗೆ ಕ್ರೀಡೆಯ ನೆರವು ನಿಂತಾಗ ಓದಿನ ನೆರವು ಕೈ ಹಿಡಿಯಲಿಲ್ಲ. ಯೋಜನೆಯ ತಪ್ಪು ಮಕ್ಕಳನ್ನು ಆರಿಸಿದ್ದರಲ್ಲಿ ಇರಲಿಲ್ಲ. ಅವರ ಕಾಲುಗಳಿಗೆ ಹಣ ಹಾಕಿ, ಮಗುವಿನ ಮುಂದಿನ ಐವತ್ತು ವರ್ಷಗಳಿಗೆ ಏನನ್ನೂ ಹಾಕದಿದ್ದರಲ್ಲಿ ಇತ್ತು. ಇತ್ತೀಚಿನ ವರ್ಷಗಳಲ್ಲಿ ಮುಂಡಗೋಡದ ಸುತ್ತ ಸಿದ್ದಿ ಮಕ್ಕಳ ಓಟಕ್ಕೆ ಮತ್ತೆ ಜೀವ ಬಂದಿದೆ, ಸರಕಾರದ ಹೊರಗಿನವರೂ ಈ ಸಲ ಕೈ ಜೋಡಿಸಿದ್ದಾರೆ. ಹಳೆಯ ಪಾಠ ಅವರಿಗೆ ನೆನಪಿರಲಿ.

ಈ ಎರಡು ಕಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸೈಕಲ್ಲಿನ ಕಡೆ ಬರೋಣ.

ಕರ್ನಾಟಕದ ಹಳ್ಳಿ ಮಕ್ಕಳ ಕೈಗೆ ದೊಡ್ಡ ಪ್ರಮಾಣದಲ್ಲಿ ಸೈಕಲ್ ಬಂದದ್ದು 2006-07ರಿಂದ, ಎಂಟನೆಯ ತರಗತಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾದಾಗ. ಸರಕಾರಿ ಮತ್ತು ಅನುದಾನಿತ ಹೈಸ್ಕೂಲುಗಳೆರಡಕ್ಕೂ ಅದು ಸಿಕ್ಕಿತು. ಅದೇ ವರ್ಷ ಬಿಹಾರವೂ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಬಿಹಾರದ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕುಗ್ಗಿತ್ತು. ಹತ್ತಿರ ಶಾಲೆ ಇಲ್ಲದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚು. 1966ರಲ್ಲಿ ದೇಸಾಯಿ ಕಾಲೇಜನ್ನು ವಿದ್ಯಾರ್ಥಿಯ ಹತ್ತಿರಕ್ಕೆ ತಂದರು. ನಲವತ್ತು ವರ್ಷದ ಮೇಲೆ ಸೈಕಲ್ಲು ವಿದ್ಯಾರ್ಥಿಯನ್ನು ಶಾಲೆಯ ಹತ್ತಿರಕ್ಕೆ ಒಯ್ದಿತು. ನಮ್ಮ ರಾಜ್ಯದ ಯೋಜನೆ ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಮೊದಲಿನಂತೆ ಚಾಲೂ ಆಗಲಿಲ್ಲ.

ಸರಕಾರಿ ಸೈಕಲ್ಲು ನಮ್ಮ ಗುಡ್ಡಕ್ಕೆ ಹೇಳಿ ಮಾಡಿಸಿದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. ಗೇರಿಲ್ಲದ, ಇಪ್ಪತ್ತು ಕಿಲೋ ಆಸುಪಾಸಿನ ಗಾಡಿ. ಬಯಲುಸೀಮೆಯ ರಸ್ತೆಗೆ ಸರಿ. ಹಿಲ್ಲೂರು, ಅಚವೆಯ ಕಡೆಯ ಏರಿನಲ್ಲಿ ಅದನ್ನು ತಳ್ಳಿಕೊಂಡೇ ಹೋಗಬೇಕು. ಕಾರವಾರದ ಬೆನ್ನಿಗಿರುವ ಗುಡ್ಡೆಹಳ್ಳಿಯಂಥ ಊರಿಗೆ ಕೊಟ್ಟರೆ ಅದನ್ನು ಹೆಗಲ ಮೇಲೆ ಹೊರಬೇಕಾದೀತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕಡೆ, ಉಪ್ಪುಗಾಳಿಯ ಅಂಚಿನಲ್ಲಿ, ಚೈನು ಆಷಾಢ ದಾಟುವುದರೊಳಗೆ ಕೆಂಪಾಗುತ್ತದೆ. ಬ್ರೇಕಿನ ರಬ್ಬರು ಜಂಬಿಟ್ಟಿಗೆಯ ಕೆಸರಿಗೆ ಸಿಕ್ಕಿ ಮರಳುಕಾಗದದಂತೆ ರಿಮ್ಮನ್ನು ಕೆರೆಯುತ್ತದೆ. ಕೇಬಲ್ಲು ಹಿಡಿದುಕೊಂಡರೆ ಹುಡುಗರು ಬ್ರೇಕ್ ಬಿಚ್ಚಿಟ್ಟು ಚಪ್ಪಲಿಯನ್ನೇ ಹಿಂದಿನ ಗಾಲಿಗೆ ಒತ್ತಿ ಇಳಿಜಾರು ಇಳಿಯುತ್ತಾರೆ. ಗುಡ್ಡದ ಸೈಕಲ್ ಸವಾರಿಯ ಮೊದಲ ಪಾಠ ನಮ್ಮ ಮಕ್ಕಳಿಗೆ ಯಾವ ಕೋಚೂ ಇಲ್ಲದೆ ಆಗಿರುವುದು ಹೀಗೆ. ಸೊಂಟ ಹಿಂದಕ್ಕೆ ಹಾಕಿ, ಮೊಣಕೈ ಸಡಿಲಿಸಿ, ಬೇರು ಬಂದಲ್ಲಿ ಮುಂದಿನ ಗಾಲಿ ಎತ್ತಿ. ಕ್ರೀಡಾಪಟುಗಳು ದುಡ್ಡು ಕೊಟ್ಟು ಕಲಿಯುವುದೂ ಇದನ್ನೇ.

ಹೀಗಿದ್ದೂ ರಾಜ್ಯದ ಸೈಕ್ಲಿಂಗ್ ಪಟುಗಳು ಬರುವುದು ವಿಜಯಪುರ, ಬಾಗಲಕೋಟೆ, ಗದಗಗಳಿಂದ. ಮೌಂಟೇನ್ ಬೈಕ್ ಎಂದು ಹೆಸರಿದ್ದರೂ ಮೌಂಟೇನ್ ಇರುವ ಜಿಲ್ಲೆಗಳದ್ದು ಸುದ್ದಿಯಿಲ್ಲ. ಕಾರಣ ಗುಟ್ಟೇನಲ್ಲ. ವಿಜಯಪುರದಲ್ಲಿ ಯುವಜನ ಸೇವಾ ಇಲಾಖೆಯ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯ ಇದೆ. ಹಾಸಿಗೆ, ಊಟ, ಕೋಚ್, ಸೈಕಲ್ಲು ಒಂದೇ ಸೂರಿನಡಿ ಸಿಗುತ್ತವೆ. ರೈತರ ಮಕ್ಕಳು ಅಲ್ಲಿಂದ ರಾಷ್ಟ್ರೀಯ ಪದಕಗಳನ್ನು ತಂದಿದ್ದಾರೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದದ್ದೂ ಗದಗದ ಗುಡ್ಡದಲ್ಲಿ. ಸಹ್ಯಾದ್ರಿಯ ಬುಡದಲ್ಲಿ ಕೂತ ನಾವು ಅದನ್ನು ಪೇಪರಿನಲ್ಲಿ ಓದಿದೆವು. ಸಂಸ್ಥೆ ಇರುವಲ್ಲಿ ಕ್ರೀಡೆ ಬೆಳೆಯುತ್ತದೆ, ಗುಡ್ಡ ಇರುವಲ್ಲಿ ಅಲ್ಲ.

ಖೇಲೋ ಇಂಡಿಯಾ ನೆರವನ್ನೂ ನೋಡೋಣ. ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ, ಅದರಲ್ಲಿ 1.20 ಲಕ್ಷ ಕೈಖರ್ಚಿಗೆ. ದೊಡ್ಡ ಮೊತ್ತ, ಸಂದೇಹವಿಲ್ಲ. ಆದರೆ ಆಯ್ಕೆಯಾಗಲು ಮೊದಲು ರಾಷ್ಟ್ರೀಯ ಮಟ್ಟದಲ್ಲಿ ಹೆಸರು ಮಾಡಿರಬೇಕು. ಹೆಸರು ಮಾಡಲು ಗೇರಿನ ಸೈಕಲ್ ಬೇಕು. ಕಲಿಯಲು ಸಾಲುವಷ್ಟು ಒಳ್ಳೆಯ ಸೈಕಲ್ಲಿಗೇ ಕಾಲು ಲಕ್ಷ ದಾಟುತ್ತದೆ, ಸ್ಪರ್ಧೆಗೆ ಬೇಕಾದದ್ದು ಲಕ್ಷ ಮೀರುತ್ತದೆ. ಹೆಲ್ಮೆಟ್ಟು, ಟೈರು, ಪ್ರಯಾಣ ಬೇರೆ. ಮೊದಲ ಮೆಟ್ಟಿಲಿಗೆ ಯಾರೂ ಹಣ ಕೊಡುವುದಿಲ್ಲ, ಹತ್ತನೆಯ ಮೆಟ್ಟಿಲಲ್ಲಿ ನಿಂತವರಿಗೆ ಹಾರ ಹಾಕುತ್ತಾರೆ. ಸಿದ್ದಿ ಮಕ್ಕಳ ಯೋಜನೆ ಕನಿಷ್ಠ ಮೊದಲ ಮೆಟ್ಟಿಲಿಗೆ ಬಂದಿತ್ತು, ಅದರ ಪುಣ್ಯ ಅದಕ್ಕಿರಲಿ.

ಅಮೆರಿಕದವರ ಅನುಭವ ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡದಲ್ಲಿ 1970ರ ದಶಕದಲ್ಲಿ ಹಳೆಯ ಸೈಕಲ್ಲುಗಳನ್ನು ಬದಲಾಯಿಸಿಕೊಂಡು ಇಳಿಜಾರು ಇಳಿಯುತ್ತಿದ್ದ ಹುಡುಗರ ಹುಚ್ಚಾಟ 1996ರ ಅಟ್ಲಾಂಟ ಒಲಿಂಪಿಕ್ಸಿಗೆ ಹೋಯಿತು. ಅದೇ ಸೀಮೆಯ ಬರ್ಕ್ಲಿಯಲ್ಲಿ ಹೈಸ್ಕೂಲು ಮಾಸ್ತರ ಮ್ಯಾಟ್ ಫ್ರಿಟ್ಸಿಂಗರ್ 2001ರಲ್ಲಿ ವಿದ್ಯಾರ್ಥಿಗಳ ಲೀಗ್ ಶುರು ಮಾಡಿದರು. ಅದರ ಬೆನ್ನಿಗೆ 2009ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು, ಈಗ ಸುಮಾರು 30 ರಾಜ್ಯಗಳಲ್ಲಿ ಅದರ ಲೀಗುಗಳಿವೆ. ಅವರ ನಿಯಮವೊಂದು ನನಗೆ ಹಿಡಿಸಿದ್ದು: ಯಾರನ್ನೂ ಬೆಂಚಿನ ಮೇಲೆ ಕೂರಿಸುವಂತಿಲ್ಲ, ಬಂದವರೆಲ್ಲ ಸವಾರಿ ಮಾಡಬೇಕು. ಈ ಲೀಗುಗಳಿಂದ ಶಾಲೆ ಮುಗಿಸಿ ಕಾಲೇಜಿಗೆ ಹೊರಟವರಿಗೆ ಸಿಗುವ ವಿದ್ಯಾರ್ಥಿವೇತನಗಳಲ್ಲಿ ಪದಕದ ಜೊತೆ ಕಿರಿಯರಿಗೆ ಕಲಿಸಿದ್ದು, ದಾರಿ ರಿಪೇರಿಗೆ ಸಲಿಕೆ ಹಿಡಿದದ್ದು ಲೆಕ್ಕಕ್ಕೆ ಬರುತ್ತವೆ. ಹಣ ಹೋಗುವುದು ಕಾಲೇಜಿನ ಫೀಗೆ. ಸೈಕಲ್ ತುಳಿದವನು ಸೈಕಲ್ ಪಟುವೇ ಆಗಬೇಕೆಂಬ ಹಟ ಅಲ್ಲಿಲ್ಲ. ಇಂಜಿನಿಯರನೋ ನರ್ಸೋ ಮೇಷ್ಟರೋ ಆಗಲಿ.

ಇದನ್ನು ಅಂಕೋಲೆಯ ಲೆಕ್ಕಕ್ಕೆ ಕೂಡಿಸಿದರೆ ನಮಗೆ ಬೇಕಾದ ನಿಧಿಯ ರೂಪ ಬಹುಮಟ್ಟಿಗೆ ಕಾಣುತ್ತದೆ. ಸೈಕಲ್ಲು ಶಾಲೆಯದಾಗಿರಲಿ, ಎರವಲು ಕೊಡಲಿ. ಒಂದೊಂದು ಹೈಸ್ಕೂಲಿಗೆ ಆರೆಂಟು ಸಾಕು, ಜೊತೆಗೆ ಪಂಕ್ಚರು ಹಾಕಲು, ಚೈನು ಬಿಚ್ಚಲು, ಬ್ರೇಕು ಕೂಡಿಸಲು ಮಕ್ಕಳೇ ಕಲಿಯುವ ಒಂದು ಕೋಣೆ. ಪೇಟೆಯ ಸೈಕಲ್ ಮಿಸ್ತ್ರಿಗಳಿಗೆ ಗೌರವಧನ ಕೊಟ್ಟು ಕರೆಯಿರಿ. ಅವರ ಕಸುಬು ಹೇಗೂ ಸ್ಕೂಟಿಯ ಮುಂದೆ ಸೋಲುತ್ತಿದೆ. ವಿದ್ಯಾರ್ಥಿವೇತನ ಓದಿಗೇ ಹೋಗಲಿ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗೆ, ಹುಡುಗಿ ಸ್ಪರ್ಧೆಯಲ್ಲಿ ಸೋತರೂ ಕೈ ಮುರಿದುಕೊಂಡು ಸೈಕಲ್ ಬಿಟ್ಟರೂ ನಿಲ್ಲಬಾರದು. 1993 ಮರುಕಳಿಸಬಾರದೆಂದರೆ ಈ ಒಂದು ಕಟ್ಟಳೆ ಬರಹದಲ್ಲೇ ಇರಬೇಕು. ಹಿಂದಿರುಗಿಸುವುದು ‘ಆಮೇಲೆ ಕೊಡು’ ಪದ್ಧತಿಯಲ್ಲಿ. ನೌಕರಿ ಸಿಕ್ಕವರು ತಮ್ಮಿಂದಾದಷ್ಟು ಮುಂದಿನ ತಂಡಕ್ಕೆ ಹಾಕಲಿ.

ಅಡ್ಡಿಗಳಿಲ್ಲವೆಂದಲ್ಲ. ಜಿಲ್ಲೆಯ ಐದರಲ್ಲಿ ನಾಲ್ಕು ಪಾಲು ಅರಣ್ಯ, ಒಂದು ದಾರಿ ಗುರುತಿಸಲು ಇಲಾಖೆಯ ಒಪ್ಪಿಗೆ ಬೇಕು. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಅದರ ಅಂಚಿನಲ್ಲಿ ಮಗು ಸೈಕಲ್ ತುಳಿಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಅದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಬಂತು. ಮುಂದಿನ ತಿಂಗಳು ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಗುಡ್ಡದಲ್ಲಿ ಎಲ್ಲಿ ಓಡಿಸಬಹುದು, ಮಳೆಗಾಲದಲ್ಲಿ ಎಲ್ಲಿ ಕಾಲಿಡಬಾರದು ಎಂಬುದನ್ನು ಊರ ಹಿರಿಯರನ್ನು, ದನ ಮೇಯಿಸುವವರನ್ನು ಕೇಳಿಯೇ ಗೆರೆ ಎಳೆಯಬೇಕು. ನಕ್ಷೆಯ ಮೇಲೆ ಬೆಂಗಳೂರಿನಲ್ಲಿ ಕೂತು ಎಳೆಯುವ ಗೆರೆ ಇಲ್ಲಿ ನಡೆಯುವುದಿಲ್ಲ. ಶಿಬಿರಕ್ಕೆ ನವೆಂಬರಿನಿಂದ ಮಾರ್ಚ್ ಸಾಕು, ಆಷಾಢದಲ್ಲಿ ಕೋಣೆಯೊಳಗೆ ರಿಪೇರಿ ಕಲಿಯಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ನಮ್ಮ ಎರಡು ತಾಲ್ಲೂಕುಗಳು ಬಡತನದ ನೆಪ ಹೇಳಬಾರದು. ಕೈಗಾ ಅಣು ವಿದ್ಯುತ್ ಸ್ಥಾವರ ಇಲ್ಲಿದೆ, ಸೀಬರ್ಡ್ ನೌಕಾನೆಲೆ ಇಲ್ಲಿದೆ. ಇವಕ್ಕಾಗಿಯೂ ಕದ್ರಾ ಅಣೆಕಟ್ಟಿಗಾಗಿಯೂ ಮನೆ ಬಿಟ್ಟವರ ಮೊಮ್ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಸಾಮಾಜಿಕ ಹೊಣೆಯ ನಿಧಿಯಿಂದ ಕೇಳುವ ಹಕ್ಕು ಅವರಿಗಿದೆ, ಕೇಳಬೇಕು. ಆದರೆ ಅದೊಂದನ್ನೇ ನಂಬಿ ಕೂರುವುದು ಬೇಡ, ಮೇಲಿನಿಂದ ಬಂದ ಹಣ ಮೇಲಿನವರ ಮನಸ್ಸು ಬದಲಾದೊಡನೆ ನಿಲ್ಲುತ್ತದೆ.

ಉಳಿದದ್ದು ಇದನ್ನು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಓದುತ್ತಿರುವ ನಮ್ಮೂರಿನವರಿಗೆ ಹೇಳುವ ಮಾತು. ನಿಮ್ಮಲ್ಲಿ ಎಷ್ಟೋ ಜನ, ಅಥವಾ ನಿಮ್ಮ ಅಪ್ಪಂದಿರು, ಫೀ ಬಾಕಿಯಿದ್ದರೂ ಕ್ಲಾಸಿನಲ್ಲಿ ಕೂತು ಓದಿದವರು. ಟ್ರಸ್ಟಿನ ಲೆಕ್ಕ ಯಾವಾಗಲೋ ಚುಕ್ತಾ ಆಗಿರಬಹುದು. ಊರಿಗೆ ಬಂದಾಗ ನೀವು ಓದಿದ ಹೈಸ್ಕೂಲಿಗೆ ಒಮ್ಮೆ ಹೋಗಿ, ಮುಖ್ಯಾಧ್ಯಾಪಕರನ್ನು ಕಂಡು, ಎಂಟನೆಯ ತರಗತಿಯಲ್ಲಿ ಗುಡ್ಡದಾಚೆಯಿಂದ ಬರುವ ಮಕ್ಕಳು ಎಷ್ಟಿದ್ದಾರೆಂದು ಕೇಳಿ. ಒಬ್ಬರ ಸೈಕಲ್ಲು, ಒಬ್ಬರ ಐದು ವರ್ಷದ ಫೀ, ಇಷ್ಟನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.